ವಿಂಡೋಸ್ 10ರಿಂದ 11ಕ್ಕೆ: ಅಪ್‌ಗ್ರೇಡ್ ಬಟನ್ ಒತ್ತುವ ಮುನ್ನ ಕಂಪ್ಯೂಟರ್ ಸಿದ್ಧ ಮಾಡಿಕೊಳ್ಳುವುದು ಹೇಗೆ?

ಹತ್ತು ವರ್ಷಗಳ ಕಾಲ ಮನೆ, ಅಂಗಡಿ, ಕಚೇರಿಗಳ ಕಂಪ್ಯೂಟರುಗಳನ್ನು ನಡೆಸಿದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಉಚಿತ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಕಂಪ್ಯೂಟರ್ ಎಂದಿನಂತೆ ಆನ್ ಆಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಹೊಸದಾಗಿ ಪತ್ತೆಯಾಗುವ ಭದ್ರತಾ ಲೋಪಗಳನ್ನು ಸರಿಪಡಿಸುವ ಅಪ್‌ಡೇಟ್‌ಗಳು ತಾವಾಗಿಯೇ ಬರುವುದು ನಿಂತಿದೆ. ಹೀಗಾಗಿ ವಿಂಡೋಸ್ 11ಕ್ಕೆ ಹೋಗುವ ಬಗ್ಗೆ ಹೆಚ್ಚಿನವರು ಇಂದಲ್ಲ ನಾಳೆ ತೀರ್ಮಾನಿಸಲೇಬೇಕು.

ಅರ್ಹ ಕಂಪ್ಯೂಟರುಗಳಿಗೆ ಈ ಅಪ್‌ಗ್ರೇಡ್ ಉಚಿತ. ಬಹುತೇಕ ಸಂದರ್ಭಗಳಲ್ಲಿ ಫೈಲುಗಳೂ ಪ್ರೋಗ್ರಾಮುಗಳೂ ಇದ್ದ ಹಾಗೆಯೇ ಉಳಿಯುತ್ತವೆ. ತೊಂದರೆ ಇರುವುದು ಆ 'ಬಹುತೇಕ' ಎಂಬ ಪದದಲ್ಲಿ. ನಡುವೆ ಕರೆಂಟ್ ಹೋದರೆ, ಬಯಾಸ್ ಸೆಟ್ಟಿಂಗ್ ಬದಲಿಸಿದ ಮೇಲೆ ಲ್ಯಾಪ್‌ಟಾಪ್ 48 ಅಂಕಿಗಳ ಕೀಲಿ ಕೇಳಿದರೆ, ಅಂಗಡಿಯವರು ಡಿಸ್ಕ್ ಪೂರ್ತಿ ಅಳಿಸಿದರೆ ಏನು ಗತಿ? ಮಗುವಿನ ಮೊದಲ ಹುಟ್ಟುಹಬ್ಬದ ಫೋಟೊಗಳು, ಐದು ವರ್ಷದ ಟ್ಯಾಲಿ ಲೆಕ್ಕ, ಊರಿನ ಜಮೀನಿನ ಸ್ಕ್ಯಾನ್ ಮಾಡಿದ ಪತ್ರಗಳು ಒಂದೇ ಯಂತ್ರದಲ್ಲಿದ್ದರೆ ಅಪಾಯ ಸಣ್ಣದಲ್ಲ.

ಆದ್ದರಿಂದ ಸಿದ್ಧತೆಯ ಗುರಿ ಒಂದೇ: ಅಪ್‌ಗ್ರೇಡ್ ಪೂರ್ತಿ ಕೆಟ್ಟುಹೋದರೂ ನಿಮ್ಮ ಕೆಲಸ ನಿಲ್ಲಬಾರದು. ಅದಕ್ಕೆ ಏನೇನು ಮಾಡಬೇಕು ಎಂಬ ವಿವರ ಇಲ್ಲಿದೆ.

ವಿಂಡೋಸ್ 10ರಲ್ಲೇ ಮುಂದುವರಿದರೆ ಏನಾಗುತ್ತದೆ?

2015ರ ಜುಲೈ 29ರಂದು ಬಿಡುಗಡೆಯಾದ ವಿಂಡೋಸ್ 10 ಒಂದೇ ದಿನದಲ್ಲಿ ಅಪಾಯಕಾರಿಯಾಗಿಬಿಡುವುದಿಲ್ಲ. ಆದರೆ ಯಾರೂ ಮುಚ್ಚದ ಲೋಪಗಳು ತಿಂಗಳು ತಿಂಗಳಿಗೂ ಹೆಚ್ಚುತ್ತಾ ಹೋಗುತ್ತವೆ. ಇದರ ಪರಿಣಾಮ ಏನೆಂದು ತೋರಿಸಿಕೊಟ್ಟದ್ದು 2017ರ ವನ್ನಾಕ್ರೈ ದಾಳಿ. ಅದು ಬಳಸಿಕೊಂಡ ಲೋಪಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಪರಿಹಾರ ಕೊಟ್ಟಿತ್ತು. ಮೇ 12ರಂದು ದಾಳಿ ಶುರುವಾದಾಗ ಸಿಕ್ಕಿಬಿದ್ದದ್ದು ಆ ಅಪ್‌ಡೇಟ್ ಹಾಕಿಕೊಳ್ಳದ ಕಂಪ್ಯೂಟರುಗಳು. ಬ್ರಿಟನ್ನಿನ ಆಸ್ಪತ್ರೆಗಳಿಂದ ಹಿಡಿದು ನಮ್ಮ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಕಂಪ್ಯೂಟರುಗಳವರೆಗೆ ಅದರ ಬಿಸಿ ತಟ್ಟಿತ್ತು.

'ಆಂಟಿವೈರಸ್ ಇದೆಯಲ್ಲ, ಸಾಕು' ಎಂಬುದು ಸಾಮಾನ್ಯ ನಂಬಿಕೆ. ವಿಂಡೋಸ್ 10ರಲ್ಲಿರುವ ಡಿಫೆಂಡರ್ ಆಂಟಿವೈರಸ್‌ಗೆ ಹೊಸ ವೈರಸ್‌ಗಳ ಮಾಹಿತಿಯನ್ನು 2028ರ ಅಕ್ಟೋಬರ್‌ವರೆಗೆ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ ನಿಜ. ಆದರೆ ಆಂಟಿವೈರಸ್ ಬಾಗಿಲಲ್ಲಿ ನಿಂತ ಕಾವಲುಗಾರನಿದ್ದಂತೆ. ಗೋಡೆಯಲ್ಲೇ ಬಿರುಕು ಬಿಟ್ಟರೆ ಅದನ್ನು ಮುಚ್ಚುವ ಕೆಲಸ ಆಪರೇಟಿಂಗ್ ಸಿಸ್ಟಮ್ ತಯಾರಕರದ್ದು.

ತಕ್ಷಣ ಅಪ್‌ಗ್ರೇಡ್ ಮಾಡಲಾಗದವರಿಗೆ ಒಂದು ಮಧ್ಯದ ದಾರಿಯೂ ಇದೆ. ಅದರ ಹೆಸರು 'ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್'. ಮನೆ ಬಳಕೆದಾರರು ಇದಕ್ಕೆ ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಮುಖ್ಯವಾದ ಭದ್ರತಾ ಅಪ್‌ಡೇಟ್‌ಗಳು ಸಿಗುತ್ತವೆ. ವಿಂಡೋಸ್ ಸೆಟ್ಟಿಂಗ್‌ಗಳನ್ನು ಒನ್‌ಡ್ರೈವ್‌ಗೆ ಬ್ಯಾಕಪ್ ಮಾಡಿಕೊಂಡರೆ ಹಣ ಕೊಡಬೇಕಿಲ್ಲ. ಇಲ್ಲದಿದ್ದರೆ 1,000 ಮೈಕ್ರೋಸಾಫ್ಟ್ ರಿವಾರ್ಡ್ಸ್ ಪಾಯಿಂಟ್‌ ಬಳಸಬಹುದು, ಅಥವಾ 30 ಡಾಲರಿಗೆ ಸಮನಾದ ಶುಲ್ಕ ಕಟ್ಟಬಹುದು. ಮೈಕ್ರೋಸಾಫ್ಟ್ ಖಾತೆ ಮತ್ತು ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಬೇಕು. ಒಂದು ಖಾತೆಯಲ್ಲಿ 10 ಕಂಪ್ಯೂಟರುಗಳವರೆಗೆ ಸೇರಿಸಬಹುದು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಕಾಣಿಸುತ್ತದೆ. ಸಂಸ್ಥೆಗಳಿಗೆ ಇರುವ ಯೋಜನೆ ಬೇರೆ, ಅದರ ಶುಲ್ಕವೂ ಬೇರೆ.

ಸಿದ್ಧತೆಗೆ ಸಮಯ ಬೇಕಿರುವವರು ಮೊದಲು ಈ ನೋಂದಣಿ ಮುಗಿಸಿ, ಆಮೇಲೆ ನಿಧಾನವಾಗಿ ಅಪ್‌ಗ್ರೇಡ್ ಮಾಡಿಕೊಳ್ಳುವುದು ಒಳ್ಳೆಯದು. ಆತುರದಲ್ಲಿ ಮಾಡಿದ ಅಪ್‌ಗ್ರೇಡ್‌ಗಳಲ್ಲೇ ಎಡವಟ್ಟು ಹೆಚ್ಚು.

ನಿಮ್ಮ ಕಂಪ್ಯೂಟರ್ ಅರ್ಹವೇ?

ವಿಂಡೋಸ್ 11ಕ್ಕೆ ಬೇಕಾದ ಕನಿಷ್ಠ ಅರ್ಹತೆಗಳು ಹೀಗಿವೆ:

- ಎರಡು ಅಥವಾ ಹೆಚ್ಚು ಕೋರ್‌ಗಳ 64 ಬಿಟ್ ಪ್ರೊಸೆಸರ್, ಅದೂ ಮೈಕ್ರೋಸಾಫ್ಟ್ ಒಪ್ಪಿದ ಪಟ್ಟಿಯಲ್ಲಿರಬೇಕು
- 4 ಜಿಬಿ ರ‍್ಯಾಮ್
- 64 ಜಿಬಿ ಅಥವಾ ಹೆಚ್ಚಿನ ಡಿಸ್ಕ್
- ಯುಇಎಫ್‌ಐ ಫರ್ಮ್‌ವೇರ್ ಮತ್ತು ಸೆಕ್ಯೂರ್ ಬೂಟ್ ಸೌಲಭ್ಯ
- ಟಿಪಿಎಂ 2.0

4 ಜಿಬಿ ರ‍್ಯಾಮ್ ಇದ್ದರೆ ನಿಯಮದ ಪ್ರಕಾರ ಸಾಕು. ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆಯುತ್ತಲೇ ಕಂಪ್ಯೂಟರ್ ತೆವಳಲು ಶುರು ಮಾಡುತ್ತದೆ. 8 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇದ್ದರೆ ಮಾತ್ರ ನೆಮ್ಮದಿ.

ಇಂಟೆಲ್ ಪ್ರೊಸೆಸರ್‌ಗಳಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಮತ್ತು ನಂತರದವು ಅರ್ಹ. ತಲೆಮಾರು ಗುರುತಿಸುವುದು ಸುಲಭ. 'ಐ5-7200ಯು' ಎಂದಿದ್ದರೆ ಅಡ್ಡಗೆರೆಯ ನಂತರದ 7 ಎಂಬುದೇ ತಲೆಮಾರು, ಅದು ಅನರ್ಹ. 'ಐ5-8250ಯು' 8ನೆಯದು, 'ಐ5-10210ಯು' 10ನೆಯದು, ಇವೆರಡೂ ಅರ್ಹ. ಎಎಂಡಿ ರೈಜನ್‌ನಲ್ಲಿ ಹೆಸರಿನ ಲೆಕ್ಕಾಚಾರ ನಂಬುವಂತಿಲ್ಲ. 2000 ಸರಣಿಯಲ್ಲಿ ಕೆಲವು ಅರ್ಹ, ಕೆಲವು ಅಲ್ಲ.

ಊಹೆಗಿಂತ ಮೈಕ್ರೋಸಾಫ್ಟ್‌ನ 'ಪಿಸಿ ಹೆಲ್ತ್ ಚೆಕ್' ಎಂಬ ಉಚಿತ ಆ್ಯಪ್ ಓಡಿಸುವುದೇ ಮೇಲು. ಯಾವ ಅರ್ಹತೆ ಇದೆ, ಯಾವುದು ಇಲ್ಲ ಎಂದು ಅದು ಒಂದೊಂದಾಗಿ ತೋರಿಸುತ್ತದೆ.

'ಟಿಪಿಎಂ ಇಲ್ಲ' ಎಂದು ಬಂದರೆ ಕೈಚೆಲ್ಲಬೇಡಿ

ಟಿಪಿಎಂ ಎಂದರೆ ಪಾಸ್‌ವರ್ಡ್, ಗೂಢಲಿಪಿಯ ಕೀಲಿಗಳನ್ನು ಪ್ರತ್ಯೇಕವಾಗಿ ಕಾಪಾಡುವ ಭದ್ರತಾ ಚಿಪ್. ಈಚಿನ ಪ್ರೊಸೆಸರ್‌ಗಳಲ್ಲಿ ಇದೇ ಕೆಲಸ ಮಾಡುವ ವ್ಯವಸ್ಥೆ ಒಳಗೇ ಇರುತ್ತದೆ. ಆದರೆ ಬಿಡಿಭಾಗ ಕೊಂಡು ಜೋಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಅದನ್ನು ಆನ್ ಮಾಡದೇ ಬಿಟ್ಟಿರುವುದು ಸಾಮಾನ್ಯ. ಬಯಾಸ್ ಸೆಟ್ಟಿಂಗ್‌ಗಳಲ್ಲಿ ಇಂಟೆಲ್ ಆದರೆ 'ಪಿಟಿಟಿ', ಎಎಂಡಿ ಆದರೆ 'ಎಫ್‌ಟಿಪಿಎಂ' ಎಂಬ ಹೆಸರಿನಲ್ಲಿ ಅದು ಇರುತ್ತದೆ. ಎನೇಬಲ್ ಮಾಡಿ ಸೇವ್ ಮಾಡಿದರೆ ಕಂಪ್ಯೂಟರ್ ಅರ್ಹವಾಗಿಬಿಡಬಹುದು. ಅಲ್ಲೇ ಪಕ್ಕದಲ್ಲಿ 'ಕ್ಲಿಯರ್ ಟಿಪಿಎಂ' ಎಂಬ ಆಯ್ಕೆ ಇದ್ದರೆ ಅದನ್ನು ಮುಟ್ಟಬೇಡಿ. ಒಳಗಿರುವ ಕೀಲಿಗಳು ಅಳಿಸಿಹೋಗುತ್ತವೆ.

ಸೆಕ್ಯೂರ್ ಬೂಟ್ ವಿಚಾರ ಇದಕ್ಕಿಂತ ಸ್ವಲ್ಪ ಸೂಕ್ಷ್ಮ. ಸ್ಟಾರ್ಟ್ ಮೆನುವಿನಲ್ಲಿ 'ಸಿಸ್ಟಮ್ ಇನ್ಫರ್ಮೇಷನ್' ಎಂದು ಹುಡುಕಿ ತೆರೆದು 'ಬಯಾಸ್ ಮೋಡ್' ಎಂಬ ಸಾಲು ನೋಡಿ. 'ಯುಇಎಫ್‌ಐ' ಎಂದಿದ್ದರೆ ಚಿಂತೆ ಇಲ್ಲ. 'ಲೆಗಸಿ' ಎಂದಿದ್ದರೆ ನಿಮ್ಮ ಡಿಸ್ಕ್ ಎಂಬಿಆರ್ ಎಂಬ ಹಳೆಯ ವಿಧಾನದಲ್ಲಿ ವಿಭಾಗವಾಗಿರುವ ಸಾಧ್ಯತೆ ಹೆಚ್ಚು. ಅದನ್ನು ಜಿಪಿಟಿ ಎಂಬ ಹೊಸ ವಿಧಾನಕ್ಕೆ ಬದಲಿಸದೆ ಬಯಾಸ್‌ನಲ್ಲಿ ಯುಇಎಫ್‌ಐ ಆರಿಸಿದರೆ ವಿಂಡೋಸ್ ತೆರೆಯುವುದೇ ಇಲ್ಲ.

ಫೈಲುಗಳನ್ನು ಅಳಿಸದೆ ಈ ಬದಲಾವಣೆ ಮಾಡಲು ವಿಂಡೋಸ್‌ನಲ್ಲೇ 'ಎಂಬಿಆರ್2ಜಿಪಿಟಿ' ಎಂಬ ಸಾಧನವಿದೆ. ಆದರೆ ಅದಕ್ಕೊಂದು ಷರತ್ತಿದೆ: ಡಿಸ್ಕ್‌ನಲ್ಲಿ ಮೂರಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಷನ್ ಇರಬಾರದು, ಎಕ್ಸ್‌ಟೆಂಡೆಡ್ ಪಾರ್ಟಿಷನ್ ಇರಲೇಬಾರದು. ನಮ್ಮಲ್ಲಿ ಒಂದೇ ಡಿಸ್ಕ್ ಅನ್ನು ಸಿ, ಡಿ, ಇ, ಎಫ್ ಎಂದು ನಾಲ್ಕು ಡ್ರೈವ್ ಮಾಡಿಕೊಡುವುದು ಅಂಗಡಿಗಳ ಹಳೆಯ ರೂಢಿ. ಅಂಥ ಡಿಸ್ಕ್‌ಗಳಲ್ಲಿ ಡಿ, ಇ, ಎಫ್‌ಗಳು ಸಾಮಾನ್ಯವಾಗಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ನಿನ ಒಳಗೇ ಇರುತ್ತವೆ. ಆಗ ಈ ಸಾಧನ ಕೆಲಸ ಮಾಡುವುದಿಲ್ಲ. ಉಳಿಯುವ ನೇರ ದಾರಿ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. ಅಲ್ಲಿಗೆ ಡಿ ಡ್ರೈವ್‌ನಲ್ಲಿದ್ದದ್ದೂ ಹೋಯಿತು.

ಡಿ ಡ್ರೈವ್‌ನಲ್ಲಿದ್ದರೆ ಅದು ಬ್ಯಾಕಪ್ ಅಲ್ಲ

'ಫೋಟೊಗಳೆಲ್ಲ ಡಿ ಡ್ರೈವ್‌ನಲ್ಲಿವೆ, ಏನೂ ಆಗಲ್ಲ' ಎಂಬ ಧೈರ್ಯ ಅನೇಕರದ್ದು. ಹೆಚ್ಚಿನ ಕಂಪ್ಯೂಟರುಗಳಲ್ಲಿ ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಭಾಗಗಳು. ಒಂದೇ ಬೀರುವಿನ ಎರಡು ಖಾನೆಗಳ ಹಾಗೆ. ಸಿ ಡ್ರೈವ್ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯಬಹುದು. ಆದರೆ ಡಿಸ್ಕ್ ಕೆಟ್ಟರೆ, ಎಲ್ಲ ಪಾರ್ಟಿಷನ್ ಅಳಿಸಿದರೆ, ಅಥವಾ ಫೈಲುಗಳಿಗೆ ಬೀಗ ಹಾಕುವ ರ‍್ಯಾನ್ಸಮ್‌ವೇರ್ ಹೊಕ್ಕರೆ ಎರಡೂ ಒಟ್ಟಿಗೇ ಹೋಗುತ್ತವೆ.

ಬ್ಯಾಕಪ್ ವಿಚಾರದಲ್ಲಿ ಪರಿಣತರು ಹೇಳುವುದು '3-2-1' ಸೂತ್ರ. ಮುಖ್ಯವಾದ ಫೈಲಿನ 3 ಪ್ರತಿ ಇರಬೇಕು, ಅವು 2 ಬೇರೆ ಬಗೆಯ ಸಾಧನಗಳಲ್ಲಿರಬೇಕು, ಅದರಲ್ಲಿ 1 ಪ್ರತಿ ಮನೆಯಿಂದ ಹೊರಗಿರಬೇಕು. ಮನೆಯ ಮಟ್ಟಿಗೆ ಇದರರ್ಥ: ಕಂಪ್ಯೂಟರಿನಲ್ಲಿ ಒಂದು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು, ಗೂಗಲ್ ಡ್ರೈವ್ ಅಥವಾ ಒನ್‌ಡ್ರೈವ್‌ನಂಥ ಕ್ಲೌಡ್‌ನಲ್ಲಿ ಮತ್ತೊಂದು.

ಕ್ಲೌಡ್ ಒಂದನ್ನೇ ನೆಚ್ಚಿಕೊಳ್ಳುವುದಕ್ಕೆ ಎರಡು ಅಡ್ಡಿಗಳಿವೆ. ಒಂದು, ಒನ್‌ಡ್ರೈವ್‌ನಲ್ಲಿ ಉಚಿತವಾಗಿ ಸಿಗುವ ಜಾಗ 5 ಜಿಬಿ ಮಾತ್ರ. ಅದು ತುಂಬಿದ ಮೇಲೆ ಹೊಸ ಫೈಲುಗಳು ಮೇಲೆ ಹೋಗುವುದು ನಿಲ್ಲುತ್ತದೆ. ಎರಡು, ಇದು ಸಿಂಕ್ ವ್ಯವಸ್ಥೆ. ಕಂಪ್ಯೂಟರಿನಲ್ಲಿ ಫೈಲ್ ಅಳಿಸಿದರೆ ಕ್ಲೌಡ್‌ನಲ್ಲೂ ಅಳಿಯುತ್ತದೆ. ರಿಸೈಕಲ್ ಬಿನ್‌ನಿಂದ ಅದನ್ನು ವಾಪಸು ಪಡೆಯಲು ದಿನಗಳ ಮಿತಿ ಇರುತ್ತದೆ.

ಅಪ್‌ಡೇಟ್‌ನಿಂದಲೇ ಫೈಲುಗಳು ಕಾಣೆಯಾದ ಉದಾಹರಣೆಯೂ ಇದೆ. 2018ರ ಅಕ್ಟೋಬರ್ 2ರಂದು ಮೈಕ್ರೋಸಾಫ್ಟ್ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಒಂದನ್ನು (ಆವೃತ್ತಿ 1809) ಬಿಡುಗಡೆ ಮಾಡಿತ್ತು. ಕೆಲವೇ ದಿನಗಳಲ್ಲಿ ಡಾಕ್ಯುಮೆಂಟ್ಸ್ ಮತ್ತಿತರ ಫೋಲ್ಡರುಗಳು ಖಾಲಿಯಾಗಿವೆ ಎಂಬ ದೂರುಗಳು ಬಂದವು. ಕಂಪನಿ ಅಪ್‌ಡೇಟ್ ತಡೆಹಿಡಿದು ಕಾರಣ ಹುಡುಕಿತು. ಸಿ ಡ್ರೈವ್‌ನಲ್ಲಿ ಜಾಗ ಸಾಲದೆಂದು ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರುಗಳನ್ನು ಬೇರೆ ಡ್ರೈವ್‌ಗೆ ಬದಲಿಸಿಕೊಂಡವರಲ್ಲಿ ಕೆಲವರ ಹಳೆಯ ಫೈಲುಗಳು ಮೂಲ ಜಾಗದಲ್ಲೇ ಉಳಿದಿದ್ದವು. ಆ ಹಳೆಯ ಫೋಲ್ಡರ್ ಬೇಡವೆಂದು ಭಾವಿಸಿ ಅಪ್‌ಡೇಟ್ ಅದನ್ನು ಒಳಗಿನ ಫೈಲುಗಳ ಸಮೇತ ಅಳಿಸಿತ್ತು. ದೋಷ ಸರಿಪಡಿಸಿ ಮತ್ತೆ ಬಿಡುಗಡೆ ಮಾಡಿದ್ದು ನವೆಂಬರ್ 13ರಂದು.

ತೊಂದರೆಗೊಳಗಾದವರ ಪ್ರಮಾಣ ತೀರಾ ಚಿಕ್ಕದಿತ್ತು. ಆದರೆ ಆ ಚಿಕ್ಕ ಗುಂಪಿನಲ್ಲಿದ್ದವರಿಗೆ ನಷ್ಟ ಪೂರ್ತಿಯಾಗಿಯೇ ಆಗಿತ್ತು. ಬೇರೆ ಡಿಸ್ಕ್‌ನಲ್ಲಿ ಪ್ರತಿ ಇಟ್ಟುಕೊಂಡವರಿಗೆ ಅದು ಅರ್ಧ ದಿನದ ಕಿರಿಕಿರಿಯಷ್ಟೇ.

ಯಾವುದನ್ನೆಲ್ಲ ಕಾಪಿ ಮಾಡಬೇಕು?

ಸಿ ಡ್ರೈವ್‌ನ 'ಯೂಸರ್ಸ್' ಫೋಲ್ಡರಿನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲವೂ ಅದರೊಳಗಿವೆ. ಮನೆಯಲ್ಲಿ ಇಬ್ಬರು ಮೂವರು ಬೇರೆ ಬೇರೆ ಹೆಸರಿನಲ್ಲಿ ಲಾಗಿನ್ ಆಗುತ್ತಿದ್ದರೆ ಪ್ರತಿಯೊಬ್ಬರ ಫೋಲ್ಡರನ್ನೂ ತೆಗೆದುಕೊಳ್ಳಬೇಕು. ಇದರ ಜೊತೆಗೆ ಸುಲಭವಾಗಿ ಮರೆತುಹೋಗುವ ಕೆಲವು ಸಂಗತಿಗಳಿವೆ:

- ಟ್ಯಾಲಿ: ಪ್ರೋಗ್ರಾಮಿನ ಒಳಗಿರುವ ಬ್ಯಾಕಪ್ ಸೌಲಭ್ಯದಿಂದಲೇ ಪ್ರತಿ ಕಂಪನಿಯ ಲೆಕ್ಕದ ಬ್ಯಾಕಪ್ ತೆಗೆಯಿರಿ. ಡೇಟಾ ಫೋಲ್ಡರ್ ಎಲ್ಲಿದೆ ಎಂಬುದನ್ನೂ ಬರೆದಿಟ್ಟುಕೊಳ್ಳಿ.
- ಔಟ್‌ಲುಕ್: ಹಳೆಯ ಮೇಲ್‌ಗಳು 'ಪಿಎಸ್‌ಟಿ' ಫೈಲಿನಲ್ಲಿ ಕಂಪ್ಯೂಟರಿನೊಳಗೇ ಇರಬಹುದು. ಡಾಕ್ಯುಮೆಂಟ್ಸ್‌ನಲ್ಲಿರುವ 'ಔಟ್‌ಲುಕ್ ಫೈಲ್ಸ್' ಫೋಲ್ಡರ್ ನೋಡಿ.
- ಬ್ರೌಸರ್: ಕ್ರೋಮ್ ಅಥವಾ ಎಡ್ಜ್‌ನಲ್ಲಿ ಸೇವ್ ಆದ ಪಾಸ್‌ವರ್ಡ್, ಬುಕ್‌ಮಾರ್ಕ್‌ಗಳು ಖಾತೆಗೆ ಸಿಂಕ್ ಆಗಿವೆಯೇ ಎಂದು ಖಚಿತ ಮಾಡಿಕೊಳ್ಳಿ.
- ಡಿಜಿಟಲ್ ಸಹಿ: ಜಿಎಸ್‌ಟಿ, ಆದಾಯ ತೆರಿಗೆ, ಟೆಂಡರ್ ಕೆಲಸಕ್ಕೆ ಬಳಸುವ ಯುಎಸ್‌ಬಿ ಟೋಕನ್‌ನ ಪಾಸ್‌ವರ್ಡ್ ಮತ್ತು ಅದರ ಡ್ರೈವರ್ ಕೈಯಲ್ಲಿರಲಿ.
- ಪ್ರಿಂಟರ್, ಸ್ಕ್ಯಾನರ್: ಮಾಡೆಲ್ ಸಂಖ್ಯೆ ಬರೆದುಕೊಂಡು ತಯಾರಕರ ಜಾಲತಾಣದಲ್ಲಿ ವಿಂಡೋಸ್ 11ರ ಡ್ರೈವರ್ ಇದೆಯೇ ನೋಡಿ. ತೀರಾ ಹಳೆಯ ಸ್ಕ್ಯಾನರ್‌ಗಳು ಇಲ್ಲೇ ಕೈಕೊಡುವುದು.
- ಲೈಸೆನ್ಸ್ ಕೀಲಿಗಳು: ಹಣ ಕೊಟ್ಟು ಕೊಂಡ ಸಾಫ್ಟ್‌ವೇರ್‌ಗಳ ಕೀಲಿ, ಖರೀದಿಯ ಇ-ಮೇಲ್ ಒಂದೆಡೆ ಸೇರಿಸಿಡಿ.

ಕಾಪಿ ಮುಗಿದ ಮೇಲೆ ಆ ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಐದಾರು ಫೈಲುಗಳನ್ನು ತೆರೆದು ನೋಡಿ. ಒಂದು ಫೋಟೊ, ಒಂದು ವಿಡಿಯೊ, ಒಂದು ಎಕ್ಸೆಲ್ ಹಾಳೆ, ಒಂದು ಪಿಡಿಎಫ್. ತೆರೆದು ನೋಡದ ಬ್ಯಾಕಪ್ ಮೇಲೆ ಭರವಸೆ ಇಡುವಂತಿಲ್ಲ. ಒನ್‌ಡ್ರೈವ್ ಬಳಸುವವರು ಇನ್ನೊಂದು ಅಂಶ ಗಮನಿಸಬೇಕು. ಫೈಲಿನ ಪಕ್ಕ ಮೋಡದ ಚಿಹ್ನೆ ಇದ್ದರೆ ಆ ಫೈಲ್ ಕಂಪ್ಯೂಟರಿನಲ್ಲಿಲ್ಲ, ಕ್ಲೌಡ್‌ನಲ್ಲಷ್ಟೇ ಇದೆ. ಕಾಪಿ ಮಾಡುವ ಮುನ್ನ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು.

ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳಿವೆಯೇ?

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಕನ್ನಡ ಸಂಘಗಳಲ್ಲಿ, ಕನ್ನಡದಲ್ಲಿ ಬರೆಯುವ ಹವ್ಯಾಸ ಉಳಿಸಿಕೊಂಡವರ ಮನೆಗಳಲ್ಲಿ ಹದಿನೈದು ಇಪ್ಪತ್ತು ವರ್ಷ ಹಳೆಯ ಕನ್ನಡ ಫೈಲುಗಳು ಇರುವುದುಂಟು. ಸಭೆಯ ನಡಾವಳಿ, ಸ್ಮರಣ ಸಂಚಿಕೆಯ ಲೇಖನ, ನಾಟಕದ ಹಸ್ತಪ್ರತಿ, ಮದುವೆಯ ಕರೆಯೋಲೆ. ಇವುಗಳಲ್ಲಿ ಅನೇಕವು ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆದವು.

ಇಂಥ ಫೈಲಿನ ಒಳಗೆ ನಿಜವಾಗಿ ಇರುವುದು ಕನ್ನಡ ಅಕ್ಷರಗಳಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಫಾಂಟ್ ಆ ಸಂಕೇತಗಳ ಮೇಲೆ ಕನ್ನಡದ ರೂಪ ಹೊದಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೈಲ್ ಕೆಟ್ಟಿದೆ ಎಂದುಕೊಂಡು ಅಳಿಸಿಬಿಡುವ ಅಪಾಯ ಇಲ್ಲೇ ಇರುವುದು.

ಇದ್ದ ವಿಂಡೋಸ್ ಮೇಲೆಯೇ ಅಪ್‌ಗ್ರೇಡ್ ಮಾಡಿದರೆ ಫಾಂಟ್‌ಗಳು ಸಾಮಾನ್ಯವಾಗಿ ಉಳಿಯುತ್ತವೆ. ಡಿಸ್ಕ್ ಅಳಿಸಿ ಹೊಸದಾಗಿ ಹಾಕಿದರೆ ಉಳಿಯುವುದಿಲ್ಲ. ಆದ್ದರಿಂದ ಮೂರು ಕೆಲಸ ಮಾಡಿ. ಮೊದಲನೆಯದು, ವಿಂಡೋಸ್ ಫೋಲ್ಡರಿನ 'ಫಾಂಟ್ಸ್' ಒಳಗಿರುವ ನುಡಿ, ಬರಹದ ಫಾಂಟ್‌ಗಳನ್ನು ಕಾಪಿ ಮಾಡಿಕೊಳ್ಳಿ. ಎರಡನೆಯದು, ಮುಖ್ಯವಾದ ದಾಖಲೆಗಳನ್ನು ಈಗಿನ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಡಿ. ಸರಿಯಾಗಿ ಮಾಡಿದ ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿಕೊಳ್ಳುವುದರಿಂದ ಎಲ್ಲಿ ತೆರೆದರೂ ಓದಬಹುದು. ಮೂರನೆಯದು, ಮುಂದೆ ತಿದ್ದಬೇಕಿರುವ ಬರಹಗಳನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಓದಿ ಸರಿಪಡಿಸಬೇಕಾಗುತ್ತದೆ.

ಯುನಿಕೋಡ್‌ನಲ್ಲೇ ಇರುವ ಫೈಲುಗಳಿಗೆ ಈ ಭಯವಿಲ್ಲ. ವಿಂಡೋಸ್ 11ರಲ್ಲಿರುವ ನಿರ್ಮಲಾ ಯುಐ ಫಾಂಟ್ ಕನ್ನಡವನ್ನು ತೋರಿಸುತ್ತದೆ. ಹಳೆಯ 'ತುಂಗಾ' ಫಾಂಟ್ ಬೇಕೆನ್ನುವವರು ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿಕೊಳ್ಳಬಹುದು.

ಕೀಲಿ, ಪಾಸ್‌ವರ್ಡ್, ಮೊಬೈಲ್ ನಂಬರ್

ಈಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನಲ್ಲಿರುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಇದಕ್ಕೆ ಬಿಟ್‌ಲಾಕರ್ ಅಥವಾ 'ಡಿವೈಸ್ ಎನ್‌ಕ್ರಿಪ್ಷನ್' ಎಂದು ಹೆಸರು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಇದು ತಾನಾಗಿಯೇ ಶುರುವಾಗಿರಬಹುದು, ಬಳಸುವವರಿಗೆ ಗೊತ್ತೇ ಇರುವುದಿಲ್ಲ. ಬಯಾಸ್ ಅಥವಾ ಟಿಪಿಎಂ ಸೆಟ್ಟಿಂಗ್ ಬದಲಾದಾಗ ಕಂಪ್ಯೂಟರ್ ನೀಲಿ ಪರದೆ ತೋರಿಸಿ 48 ಅಂಕಿಗಳ ರಿಕವರಿ ಕೀಲಿ ಕೇಳುತ್ತದೆ. ಅದು ಇಲ್ಲದಿದ್ದರೆ ಒಳಗಿನ ಫೈಲುಗಳನ್ನು ತೆರೆಯಲು ಮೈಕ್ರೋಸಾಫ್ಟ್‌ನವರಿಗೂ ಸಾಧ್ಯವಿಲ್ಲ.

ಹಾಗಾಗಿ ಮೊದಲೇ ಮೊಬೈಲ್‌ನಿಂದ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ವಿಭಾಗದಲ್ಲಿ ರಿಕವರಿ ಕೀಲಿ ಇದೆಯೇ ನೋಡಿ. ಇದ್ದರೆ ಕಾಗದದಲ್ಲಿ ಬರೆದಿಡಿ ಅಥವಾ ಪ್ರಿಂಟ್ ತೆಗೆದಿಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನವಿಲ್ಲ. ಕಚೇರಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಕೀಲಿ ಐಟಿ ವಿಭಾಗದ ಬಳಿ ಇರುತ್ತದೆ, ಅಪ್‌ಗ್ರೇಡ್ ತೀರ್ಮಾನವೂ ಅವರದ್ದೇ.

ಮೊಬೈಲ್‌ನಿಂದ ಲಾಗಿನ್ ಆಗುವ ಈ ಪ್ರಯತ್ನದಿಂದ ಇನ್ನೊಂದು ಲಾಭವೂ ಇದೆ. ದಿನವೂ ನಾಲ್ಕಂಕಿಯ ಪಿನ್ ಒತ್ತಿ ಕಂಪ್ಯೂಟರ್ ತೆರೆಯುವವರಿಗೆ ಖಾತೆಯ ನಿಜವಾದ ಪಾಸ್‌ವರ್ಡ್ ಮರೆತೇ ಹೋಗಿರುತ್ತದೆ. ಊರು ಬದಲಿಸಿದವರು, ಸಿಮ್ ಬದಲಿಸಿದವರ ಖಾತೆಗಳಲ್ಲಿ ಹಳೆಯ ನಂಬರ್ ಉಳಿದಿದ್ದರೆ ಒಟಿಪಿ ಅಲ್ಲಿಗೇ ಹೋಗುತ್ತದೆ. ಎಲ್ಲ ಸರಿಯಾಗಿರುವಾಗಲೇ ಪಾಸ್‌ವರ್ಡ್, ಮೊಬೈಲ್ ನಂಬರ್, ಪರ್ಯಾಯ ಇ-ಮೇಲ್ ಸರಿಪಡಿಸಿಕೊಳ್ಳಿ.

ಜಾಗ ಖಾಲಿ ಮಾಡುವಾಗ ಎಚ್ಚರ

ಅಪ್‌ಗ್ರೇಡ್ ವೇಳೆ ಹಳೆಯ ಮತ್ತು ಹೊಸ ವಿಂಡೋಸ್ ಎರಡೂ ಒಂದಷ್ಟು ಕಾಲ ಡಿಸ್ಕ್‌ನಲ್ಲಿರುತ್ತವೆ. ಸಿ ಡ್ರೈವ್‌ನಲ್ಲಿ 25ರಿಂದ 30 ಜಿಬಿ ಖಾಲಿ ಇದ್ದರೆ ನಿರಾಳ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್ ಎಂದು ಹೋದರೆ ಬೇಡದ್ದನ್ನು ಅಳಿಸಬಹುದು. ಆದರೆ ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಕೂಡ ಇರುತ್ತದೆ. ಅದರ ಮುಂದೆ ಟಿಕ್ ಹಾಕಿದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಮಾರ್ಕ್ಸ್ ಕಾರ್ಡ್, ಟಿಕೆಟ್ ಎಲ್ಲವೂ ಕಸದ ಜೊತೆ ಹೋಗುತ್ತವೆ. ಬ್ಯಾಕಪ್ ಆದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ.

ದಿನ ಆರಿಸುವುದೂ ಸಿದ್ಧತೆಯ ಭಾಗ

ಅಪ್‌ಗ್ರೇಡ್‌ಗೆ ಒಂದೆರಡು ಗಂಟೆ ಸಾಕಾಗಬಹುದು. ಆದರೂ ಒಂದು ಪೂರ್ತಿ ದಿನ ಮೀಸಲಿಡಿ. ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರು 11 ಮತ್ತು 20ನೇ ತಾರೀಖಿನ ಆಸುಪಾಸಿನಲ್ಲಿ ಇದಕ್ಕೆ ಕೈಹಾಕಬಾರದು. ಮಕ್ಕಳ ಆನ್‌ಲೈನ್ ಪರೀಕ್ಷೆ, ಕೆಲಸದ ಸಂದರ್ಶನದ ಹಿಂದಿನ ರಾತ್ರಿಯೂ ಬೇಡ.

ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿಯೇ ಇರಲಿ. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಬ್ಯಾಕಪ್ ಡಿಸ್ಕ್, ಪೆನ್‌ಡ್ರೈವ್, ಪ್ರಿಂಟರ್‌ಗಳನ್ನು ಕಳಚಿಡಿ. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದನ್ನೂ ಅಪ್‌ಡೇಟ್ ಮಾಡಿ. ತೊಂದರೆ ಕೊಟ್ಟರೆ ತಾತ್ಕಾಲಿಕವಾಗಿ ತೆಗೆದುಹಾಕಿ.

ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಮೂಲಕ ಅಪ್‌ಗ್ರೇಡ್ ಮಾಡುವುದೇ ಸುರಕ್ಷಿತ. ಅರ್ಹ ಕಂಪ್ಯೂಟರಿಗೂ ಅಲ್ಲಿ ವಿಂಡೋಸ್ 11 ಕಾಣದಿದ್ದರೆ, ನಿಮ್ಮ ಯಂತ್ರದ ಯಾವುದೋ ಡ್ರೈವರ್ ಅಥವಾ ಪ್ರೋಗ್ರಾಮ್ ಜೊತೆ ಹೊಂದಿಕೆಯ ಸಮಸ್ಯೆ ಇದೆಯೆಂದು ಮೈಕ್ರೋಸಾಫ್ಟ್ ತಡೆಹಿಡಿದಿರಬಹುದು. ಬಲವಂತವಾಗಿ ಹಾಕುವ ಬದಲು ಕಾಯುವುದು ಜಾಣತನ.

ಹುಡುಕಾಟದಲ್ಲಿ ಸಿಗುವ 'ಉಚಿತ ವಿಂಡೋಸ್ 11' ಕೊಂಡಿಗಳನ್ನು ನಂಬಬೇಡಿ. 2022ರ ಆರಂಭದಲ್ಲಿ ಮೈಕ್ರೋಸಾಫ್ಟ್ ತಾಣದಂತೆಯೇ ಕಾಣುವ ನಕಲಿ ಪುಟದ ಮೂಲಕ ಪಾಸ್‌ವರ್ಡ್ ಕದಿಯುವ ರೆಡ್‌ಲೈನ್ ಎಂಬ ಕುತಂತ್ರಾಂಶ ಹರಡುತ್ತಿದ್ದುದನ್ನು ಎಚ್‌ಪಿ ಕಂಪನಿಯ ಸಂಶೋಧಕರು ಪತ್ತೆ ಮಾಡಿದ್ದರು. 'ನಿಮ್ಮ ವಿಂಡೋಸ್ ಅವಧಿ ಮುಗಿದಿದೆ' ಎಂದು ಫೋನ್ ಮಾಡಿ ಕಂಪ್ಯೂಟರಿನ ನಿಯಂತ್ರಣ ಕೇಳುವವರೂ ವಂಚಕರೇ. ಮೈಕ್ರೋಸಾಫ್ಟ್ ಹಾಗೆ ತಾನಾಗಿ ಕರೆ ಮಾಡುವುದಿಲ್ಲ.

ಅಂಗಡಿಗೆ ಕೊಡುವವರು ಕೇಳಬೇಕಾದ ಪ್ರಶ್ನೆ

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: 'ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡುತ್ತೀರಾ, ಅಥವಾ ಫಾರ್ಮ್ಯಾಟ್ ಮಾಡುತ್ತೀರಾ?' ಫಾರ್ಮ್ಯಾಟ್ ಎಂದರೆ ಯಾವ ಯಾವ ಡ್ರೈವ್ ಅಳಿಸುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಬ್ಯಾಕಪ್ ಅವರೇ ಮಾಡಿಕೊಡುತ್ತೇವೆ ಎಂದರೂ ಮನೆಯಲ್ಲಿ ನಿಮ್ಮದೊಂದು ಪ್ರತಿ ಇರಲಿ. ವಿಂಡೋಸ್ ನಕಲಿಯಾಗಿರಬಾರದು ಎಂದೂ ಸ್ಪಷ್ಟವಾಗಿ ಹೇಳಿ. ಅಸಲಿ ವಿಂಡೋಸ್ 10 ಇದ್ದ ಅರ್ಹ ಕಂಪ್ಯೂಟರಿಗೆ 11ರ ಲೈಸೆನ್ಸ್‌ಗಾಗಿ ಮತ್ತೆ ಹಣ ಕೊಡುವ ಅಗತ್ಯವಿಲ್ಲ.

ಅರ್ಹತೆ ಇಲ್ಲದಿದ್ದರೆ ಮುಂದೇನು?

ತಪಾಸಣೆಯನ್ನು ತಪ್ಪಿಸಿ ಹಳೆಯ ಕಂಪ್ಯೂಟರಿಗೂ ವಿಂಡೋಸ್ 11 ಹಾಕುವ ವಿಡಿಯೊಗಳು ಬೇಕಾದಷ್ಟಿವೆ. ಆದರೆ ಅಂಥ ಕಂಪ್ಯೂಟರುಗಳಿಗೆ ಅಪ್‌ಡೇಟ್ ಕೊಡುವ ಖಾತರಿ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಭದ್ರತಾ ಅಪ್‌ಡೇಟ್‌ಗಾಗಿಯೇ ಇಷ್ಟೆಲ್ಲ ಮಾಡುವಾಗ ಅದೇ ಖಚಿತವಿಲ್ಲದಿದ್ದರೆ ಶ್ರಮ ವ್ಯರ್ಥ.

2026ರ ಅಕ್ಟೋಬರ್‌ವರೆಗಿನ ವಿಸ್ತರಿತ ಅಪ್‌ಡೇಟ್ ಪಡೆದು, ಅಷ್ಟರೊಳಗೆ ಹೊಸ ಯಂತ್ರಕ್ಕೆ ಹಣ ಹೊಂದಿಸಿಕೊಳ್ಳುವುದು ಒಂದು ದಾರಿ. ಬ್ರೌಸಿಂಗ್, ಇ-ಮೇಲ್, ವಿಡಿಯೊ, ಬರವಣಿಗೆಗೆ ಮಾತ್ರ ಬಳಸುವವರು ಉಬುಂಟು ಅಥವಾ ಲಿನಕ್ಸ್ ಮಿಂಟ್ ಅನ್ನು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಹಾಕಿಕೊಳ್ಳಬಹುದು. ಟ್ಯಾಲಿ, ಹಳೆಯ ನುಡಿ ಫೈಲುಗಳು, ಡಿಜಿಟಲ್ ಸಹಿಯ ಕೆಲಸ ಇರುವವರಿಗೆ ಮಾತ್ರ ಲಿನಕ್ಸ್ ದಾರಿ ಸುಲಭವಲ್ಲ.

ಅಪ್‌ಗ್ರೇಡ್ ಆದ ಮೇಲೆ 10 ದಿನ

ಅಪ್‌ಗ್ರೇಡ್ ಆದ ನಂತರ ಹಳೆಯ ವಿಂಡೋಸ್ 'ವಿಂಡೋಸ್ ಡಾಟ್ ಓಲ್ಡ್' ಎಂಬ ಫೋಲ್ಡರಿನಲ್ಲಿ ಉಳಿದಿರುತ್ತದೆ. ಹೊಸದು ಹೊಂದದಿದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ರಿಕವರಿಯಲ್ಲಿ 'ಗೋ ಬ್ಯಾಕ್' ಒತ್ತಿ ವಿಂಡೋಸ್ 10ಕ್ಕೆ ಮರಳಬಹುದು. ಈ ಅವಕಾಶ 10 ದಿನ ಮಾತ್ರ. ಡಿಸ್ಕ್ ಅಳಿಸಿ ಹೊಸದಾಗಿ ಹಾಕಿದ್ದರೆ ಈ ಸೌಲಭ್ಯವೇ ಇರುವುದಿಲ್ಲ. ಜಾಗ ಉಳಿಸಲೆಂದು 'ಪ್ರೀವಿಯಸ್ ವಿಂಡೋಸ್ ಇನ್‌ಸ್ಟಲೇಷನ್' ಅಳಿಸಿದರೂ ದಾರಿ ಮುಚ್ಚಿತು. ಮರಳಿದಾಗ, ಅಪ್‌ಗ್ರೇಡ್ ನಂತರ ಹಾಕಿಕೊಂಡ ಪ್ರೋಗ್ರಾಮುಗಳು ಹೋಗುತ್ತವೆ.

ಆದ್ದರಿಂದ ಆ 10 ದಿನಗಳಲ್ಲಿ ಅಪರೂಪಕ್ಕೊಮ್ಮೆ ಮಾಡುವ ಕೆಲಸಗಳನ್ನೂ ಬೇಕೆಂದೇ ಮಾಡಿ ನೋಡಬೇಕು. ಪ್ರಿಂಟ್ ತೆಗೆಯಿರಿ, ಸ್ಕ್ಯಾನ್ ಮಾಡಿ. ಡಿಜಿಟಲ್ ಸಹಿ ಟೋಕನ್ ಚುಚ್ಚಿ ಪೋರ್ಟಲ್‌ಗೆ ಲಾಗಿನ್ ಆಗಿ. ಟ್ಯಾಲಿಯಲ್ಲಿ ಕಳೆದ ವರ್ಷದ ಲೆಕ್ಕ ತೆರೆಯಿರಿ. ವಿಡಿಯೊ ಕರೆ ಮಾಡಿ ಕ್ಯಾಮೆರಾ, ಮೈಕ್ ಪರೀಕ್ಷಿಸಿ. ಹಳೆಯ ಕನ್ನಡ ಫೈಲೊಂದನ್ನು ತೆರೆದು ಓದಿ. ಯಾವುದಾದರೂ ಕೈಕೊಟ್ಟರೆ ಮೊದಲು ತಯಾರಕರ ಹೊಸ ಡ್ರೈವರ್ ಹಾಕಿ ನೋಡಿ. ಆಗಲೂ ಆಗದಿದ್ದರೆ 10 ದಿನ ಮುಗಿಯುವುದರೊಳಗೆ ಮರಳುವ ತೀರ್ಮಾನ ತೆಗೆದುಕೊಳ್ಳಿ.

ಎಲ್ಲವೂ ಸರಿಯಾಗಿದೆ ಎನಿಸಿದರೂ ಬ್ಯಾಕಪ್ ಡಿಸ್ಕನ್ನು ಕೂಡಲೇ ಬೇರೆ ಕೆಲಸಕ್ಕೆ ಬಳಸಬೇಡಿ. ಕನಿಷ್ಠ ಒಂದೆರಡು ತಿಂಗಳು ಹಾಗೆಯೇ ಇರಲಿ. ಯಾವ ಫೋಲ್ಡರ್ ಬಿಟ್ಟುಹೋಗಿದೆ ಎಂಬುದು ಅದರ ಅಗತ್ಯ ಬಿದ್ದ ದಿನವೇ ಗೊತ್ತಾಗುವುದು.